ಶಟರ್ ಎಳೆಯುವ ಹೊತ್ತು

(ಕೇರಳದ ಕಾಸರಗೋಡು ಜಿಲ್ಲೆಯ ಬದಿಯಡ್ಕ ಹತ್ತಿರದ ನಮ್ಮೂರ ಗ್ರಂಥಾಲಯದಲ್ಲಿ ಒಂದು ಭಾನುವಾರ ಸಂಜೆ ಮಾತಾಡಿದ್ದು. ಬಾಯಲ್ಲಿ ಹೇಳುವಾಗ ಹಿಂದುಮುಂದಾಗಿದ್ದನ್ನು ಸರಿಮಾಡಿ ಬರೆದಿದ್ದೇನೆ. ಮಾತು ಮುಗಿದ ಮೇಲೆ ಬಂದ ಒಂದು ಪ್ರಶ್ನೆಯನ್ನೂ ಸೇರಿಸಿದ್ದೇನೆ.)

ಎಲ್ಲರಿಗೂ ನಮಸ್ಕಾರ.

ಪರಿಚಯ ಮಾಡುವಾಗ ಅಧ್ಯಕ್ಷರು ನನ್ನನ್ನು "ನಿವೃತ್ತ ನರ್ಸ್" ಅಂದರು. ಮಂಗಳೂರಿನ ಒಂದು ಆಸ್ಪತ್ರೆಯಲ್ಲಿ 26 ವರ್ಷ ಕೆಲಸ ಮಾಡಿದೆ. ಅದರಲ್ಲಿ 14 ವರ್ಷ ಕ್ಯಾಶುವಾಲಿಟಿಯಲ್ಲಿ, ಅಂದರೆ ತುರ್ತು ಚಿಕಿತ್ಸೆಯ ವಿಭಾಗದಲ್ಲಿ. ತಿಂಗಳಿಗೆ ಹತ್ತು ದಿನವಾದರೂ ನೈಟ್ ಡ್ಯೂಟಿ ಇರುತ್ತಿತ್ತು. ಮದ್ಯದಂಗಡಿ ರಾತ್ರಿ ಎಷ್ಟು ಹೊತ್ತು ತೆರೆದಿರಬೇಕು ಅನ್ನುವ ವಿಷಯಕ್ಕೆ ನನ್ನನ್ನು ಕರೆದದ್ದು ಆ ರಾತ್ರಿಗಳಿಂದಾಗಿ.

ಕ್ಯಾಶುವಾಲಿಟಿಯಲ್ಲಿ ಇದ್ದವರಿಗೆ ಗಡಿಯಾರ ನೋಡಿದರೆ ಸಾಕು, ಯಾವ ತರದ ಕೇಸ್ ಬರುತ್ತದೆ ಅಂತ ಅಂದಾಜು ಸಿಗುತ್ತದೆ. ಎಂಟರಿಂದ ಹತ್ತರವರೆಗೆ ಜ್ವರದ ಮಕ್ಕಳು, ಎದೆನೋವು ಅಂತ ಹೆದರಿ ಬಂದ ಹಿರಿಯರು. ಹತ್ತರ ನಂತರ ಸ್ವಲ್ಪ ತಣ್ಣಗಾಗುತ್ತದೆ, ನಾವು ಊಟ ಮಾಡುತ್ತಿದ್ದುದು ಆಗಲೇ. ಹನ್ನೊಂದೂವರೆ ಕಳೆಯಿತು ಅಂದರೆ ಬರುವವರೇ ಬೇರೆ. ಬೈಕಿನಿಂದ ಬಿದ್ದವರು. ಬಾಟಲಿಯಲ್ಲಿ ಹೊಡೆಸಿಕೊಂಡವರು. ತುಟಿ ಒಡೆದುಕೊಂಡು ಬಂದು "ಬಾತ್‌ರೂಮಲ್ಲಿ ಜಾರಿ ಬಿದ್ದೆ" ಅನ್ನುವ ಹೆಂಗಸರು. ಅವರ ಹಿಂದೆ ನಿಂತ ಮಕ್ಕಳ ಮುಖ ನೋಡಿದರೆ ಯಾವ ಬಾತ್‌ರೂಮ್ ಅಂತ ನಮಗೆ ಗೊತ್ತಾಗುತ್ತಿತ್ತು.

ಅಂಗಡಿ ಮುಚ್ಚುವ ಹೊತ್ತನ್ನು ಮುಂದಕ್ಕೆ ಹಾಕಬೇಕು ಅನ್ನುವ ಮಾತು ಈಗ ಎಲ್ಲ ಕಡೆ ಕೇಳಿಸುತ್ತದೆ. ಬೆಂಗಳೂರಿನಲ್ಲಿ 2024ರ ಆಗಸ್ಟ್‌ನಲ್ಲಿ ಬಾರ್‌ಗಳಿಗೆ ರಾತ್ರಿ 1 ಗಂಟೆವರೆಗೆ ಅನುಮತಿ ಸಿಕ್ಕಿತು. ನಮ್ಮ ಕೇರಳದಲ್ಲಿ 2025ರಲ್ಲಿ ಐಟಿ ಪಾರ್ಕುಗಳ ಒಳಗೆ ಮಧ್ಯಾಹ್ನ 12ರಿಂದ ಮಧ್ಯರಾತ್ರಿ 12ರವರೆಗೆ ಮದ್ಯ ಕೊಡಬಹುದು ಅಂತ ಆಯಿತು. ಒಂದು ಕಡೆ ಆದರೆ ಇನ್ನೊಂದು ಕಡೆಯವರು ಕೇಳುತ್ತಾರೆ. ಪ್ರವಾಸಿಗರು ಬರುತ್ತಾರೆ, ಊರು ಬೆಳೆಯುತ್ತದೆ, ಕೆಲಸ ಸಿಗುತ್ತದೆ ಅಂತ ಕಾರಣ ಕೊಡುತ್ತಾರೆ. ಬೇಕಲ ಕೋಟೆಯ ಸುತ್ತ ರೆಸಾರ್ಟ್ ಇಟ್ಟವರು ಹಾಗೆ ಕೇಳುವುದು ಸಹಜ. ನಾನು ಅವರನ್ನು ಬೈಯುವುದಿಲ್ಲ. ಆದರೆ ರಾತ್ರಿಯ ಆ ಕೊನೆಯ ಒಂದು ಗಂಟೆ ಉಳಿದ ಗಂಟೆಗಳ ಹಾಗಲ್ಲ. ಅದನ್ನು ಅಂಗಡಿಯ ಕೌಂಟರಿನ ಹಿಂದಿನಿಂದ ಮಾತ್ರ ನೋಡಿದರೆ ಸಾಲದು. ಇವತ್ತು ನನಗೆ ಹೇಳಲಿಕ್ಕಿರುವುದು ಇಷ್ಟೇ.

ಒಂದು ರಾತ್ರಿಯ ವಿಷಯ ಹೇಳುತ್ತೇನೆ. ಗುರುತು ಸಿಗಬಾರದು ಅಂತ ಊರು, ವರ್ಷ ಬಿಟ್ಟಿದ್ದೇನೆ. ಮಳೆಗಾಲ, ಅಡಿಕೆಗೆ ಮದ್ದು ಬಿಡುವ ಸಮಯ. ಗಂಟೆ 12:40. ಮೂರು ಜನ ಜೀಪಿನಲ್ಲಿ ಒಬ್ಬನನ್ನು ತಂದರು. ನಲವತ್ತರ ಒಳಗಿನ ಪ್ರಾಯ. ಬೈಕ್ ಮೋರಿಗೆ ಬಡಿದಿತ್ತಂತೆ. ಹಿಂದಿನಿಂದ ಅವನ ಹೆಂಡತಿ ಬಂದಳು. ನೈಟಿ ಮೇಲೆ ಒಂದು ಬೈರಾಸು ಹೊದ್ದುಕೊಂಡಿದ್ದಳು. ಕೈಯಲ್ಲಿ ಅವನ ಒಂದು ಚಪ್ಪಲಿ. "ಇನ್ನೊಂದು ರಸ್ತೆಯಲ್ಲೇ ಉಂಟು ಸಿಸ್ಟರ್, ಕತ್ತಲಲ್ಲಿ ಸಿಗಲಿಲ್ಲ" ಅಂದಳು. ಕೆಳಗೆ ಇಡಮ್ಮ ಅಂದರೂ ಇಡಲಿಲ್ಲ. ಬೆಳಗಿನವರೆಗೆ ಆ ಚಪ್ಪಲಿ ಅವಳ ಮಡಿಲಲ್ಲೇ ಇತ್ತು.

ಅವನ ಹಣೆಯಲ್ಲಿ ಸಣ್ಣ ಗಾಯ ಅಷ್ಟೆ. ಬಾಯಲ್ಲಿ ಬ್ರಾಂದಿ ವಾಸನೆ. ಕರೆದರೆ "ಹ್ಞಾಂ" ಅನ್ನುತ್ತಿದ್ದ, ಮತ್ತೆ ಕಣ್ಣು ಮುಚ್ಚುತ್ತಿದ್ದ. ಜೊತೆಗೆ ಬಂದವರು "ಜಾಸ್ತಿ ಆಗಿದೆ ಸಿಸ್ಟರ್, ಮಲಗಿ ಎದ್ದರೆ ಸರಿಯಾಗ್ತದೆ" ಅಂದರು. ಅವರು ಕೆಟ್ಟವರಲ್ಲ, ಪಾಪ. ಆದರೆ ಹಾಗೆ ಅಂದುಕೊಂಡೇ ಅವನನ್ನು ಒಂದು ಅಂಗಡಿಯ ಜಗಲಿಯಲ್ಲಿ ಮುಕ್ಕಾಲು ಗಂಟೆ ಮಲಗಿಸಿದ್ದರು. ಸ್ಕ್ಯಾನ್ ಮಾಡಿದರೆ ತಲೆಯೊಳಗೆ ರಕ್ತ ಹೆಪ್ಪುಗಟ್ಟಿತ್ತು.

ಇದು ನೀವೆಲ್ಲ ತಿಳಿದಿರಬೇಕಾದ ವಿಷಯ, ಅದಕ್ಕೇ ಸ್ವಲ್ಪ ಬಿಡಿಸಿ ಹೇಳುತ್ತೇನೆ. ಅಮಲಿನ ಮಂಪರು, ತಲೆಯೊಳಗೆ ರಕ್ತ ಸೋರುವಾಗಿನ ಮಂಪರು, ಎರಡೂ ಹೊರಗಿನಿಂದ ಒಂದೇ ತರ ಕಾಣುತ್ತವೆ. ಮಾತು ತೊದಲುತ್ತದೆ, ವಾಂತಿ ಆಗುತ್ತದೆ, ಎಬ್ಬಿಸಿದರೂ ಏಳುವುದಿಲ್ಲ. ಡಾಕ್ಟರಿಗೂ ಬರೀ ಕಣ್ಣಿನಲ್ಲಿ ನೋಡಿ ಹೇಳುವುದು ಕಷ್ಟ. ಕುಡಿದವನು ತಲೆಗೆ ಪೆಟ್ಟು ಮಾಡಿಕೊಂಡಿದ್ದಾನೆ ಅಂದರೆ ಮಲಗಲು ಬಿಡಬೇಡಿ, ಕೂಡಲೇ ಕರೆದುಕೊಂಡು ಬನ್ನಿ. ಇವತ್ತಿನ ಭಾಷಣದಲ್ಲಿ ಬೇರೆ ಏನು ಮರೆತರೂ ಇದನ್ನು ಮರೆಯಬೇಡಿ.

ಇದೇ ಪೆಟ್ಟು ಸಂಜೆ ಏಳಕ್ಕೆ ಆಗಿದ್ದರೆ ಪೇಟೆಯಲ್ಲಿ ಜನ ಇರುತ್ತಿದ್ದರು. ಮೆಡಿಕಲ್ ಶಾಪಿನವನೋ, ಯಾರಾದರೂ ಮಾಷ್ಟ್ರೋ "ಹೀಗೆ ಬಿಡಬೇಡಿ, ಹೊರಡಿ" ಅನ್ನುತ್ತಿದ್ದರು. ರಾತ್ರಿ ಹನ್ನೆರಡಕ್ಕೆ ಹೇಳುವವರು ಯಾರು? ನೋಡುವವರೂ ಕುಡಿದವರೇ. ನಮ್ಮ ಒಳಊರುಗಳಲ್ಲಿ ಆ ಹೊತ್ತಿಗೆ ಒಂದು ಜೀಪು ಹುಡುಕುವುದೇ ಅರ್ಧ ಗಂಟೆಯ ಕೆಲಸ. ತಲೆಗೆ ಪೆಟ್ಟಾದರೆ ನಮ್ಮ ಜನ ಓಡುವುದು ಮಂಗಳೂರಿಗೆ. ಕಾಸರಗೋಡು ಪೇಟೆಯಿಂದ ಅಲ್ಲಿಗೆ ಸುಮಾರು 50 ಕಿಲೋಮೀಟರ್.

ಅವನು ಬದುಕಿದ. ಅಡಿಕೆ ಮರ ಹತ್ತುವುದು ಅವನ ಕೆಲಸ ಆಗಿತ್ತು. ಬಲಗೈಗೆ ಮತ್ತೆ ಹಿಡಿತ ಬರಲಿಲ್ಲ.

ಈಗ ಒಂದು ಲೆಕ್ಕ. ಒಂದು ಕ್ವಾರ್ಟರ್ ಅಂದರೆ 180 ಎಂ.ಎಲ್. ನಮ್ಮಲ್ಲಿ ಸಿಗುವ ಬ್ರಾಂದಿ, ವಿಸ್ಕಿಯಲ್ಲಿ ನೂರಕ್ಕೆ 42.8 ಭಾಗ ಆಲ್ಕೋಹಾಲ್. ತೂಕದಲ್ಲಿ ಹೇಳಿದರೆ ಒಂದು ಕ್ವಾರ್ಟರಿನಲ್ಲಿ ಸುಮಾರು 60 ಗ್ರಾಂ. ನಮ್ಮ ಲಿವರ್ ಗಂಟೆಗೆ ಕರಗಿಸುವುದು 7ರಿಂದ 10 ಗ್ರಾಂ ಮಾತ್ರ. ಮಜ್ಜಿಗೆ ಕುಡಿದರೂ, ತಲೆಗೆ ನೀರು ಹೊಯ್ದರೂ, ಕಪ್ಪು ಕಾಫಿ ಕುಡಿದರೂ ಅದು ಬೇಗ ಆಗುವುದಿಲ್ಲ. ವಾಹನ ಓಡಿಸುವವರ ರಕ್ತದಲ್ಲಿ 100 ಎಂ.ಎಲ್.ಗೆ 30 ಮಿಲಿಗ್ರಾಂಗಿಂತ ಜಾಸ್ತಿ ಆಲ್ಕೋಹಾಲ್ ಇರಬಾರದು ಅಂತ ಕಾನೂನು. ಸಿಕ್ಕಿಬಿದ್ದರೆ ಮೊದಲ ಸಲಕ್ಕೆ 10,000 ರೂಪಾಯಿವರೆಗೆ ದಂಡ, ಇಲ್ಲವೆ ಆರು ತಿಂಗಳವರೆಗೆ ಜೈಲು, ಎರಡೂ ಆಗಬಹುದು.

60 ಕಿಲೋ ತೂಕದ ಗಂಡಸು ಒಂದು ಕ್ವಾರ್ಟರನ್ನು ರಾತ್ರಿ 9ಕ್ಕೆ ಮುಗಿಸಿದ ಅಂತ ಇಟ್ಟುಕೊಳ್ಳಿ. ಬೆಳಗ್ಗೆ 5ರ ಹೊತ್ತಿಗೆ ಅವನ ರಕ್ತ ಆ 30ರ ಹತ್ತಿರ ಇಳಿದಿರುತ್ತದೆ. ಅದೇ ಕ್ವಾರ್ಟರನ್ನು 12ಕ್ಕೆ ಮುಗಿಸಿದರೆ ಬೆಳಗ್ಗೆ 8 ಆಗಬೇಕು. ದೇಹದಿಂದ ದೇಹಕ್ಕೆ ಸ್ವಲ್ಪ ಹೆಚ್ಚುಕಡಿಮೆ ಇರುತ್ತದೆ, ಆದರೆ ಮೂರು ಗಂಟೆಯ ಅಂತರ ಎಲ್ಲೂ ಹೋಗುವುದಿಲ್ಲ. ಈಗ ಹೇಳಿ, ಬೆಳಗ್ಗೆ 7:30ಕ್ಕೆ ನಮ್ಮ ರಸ್ತೆಯಲ್ಲಿ ಓಡುವುದು ಯಾವುದು? ಶಾಲೆಯ ಜೀಪು. ಸ್ಟೀರಿಂಗ್ ಹಿಡಿದವನು ಮುಖ ತೊಳೆದು, ವಿಭೂತಿ ಹಚ್ಚಿ, ಚೆನ್ನಾಗಿಯೇ ಕಾಣುತ್ತಾನೆ. ತಾನು ಕುಡಿದಿದ್ದೇನೆ ಅಂತ ಅವನಿಗೇ ಅನ್ನಿಸುವುದಿಲ್ಲ. "ಅದು ನಿನ್ನೆ ಅಲ್ವಾ" ಅನ್ನುತ್ತಾನೆ. ಹಿಂದೆ ಹನ್ನೆರಡು ಮಕ್ಕಳು. ರಾತ್ರಿಗೆ ಒಂದು ಗಂಟೆ ಸೇರಿಸುವಾಗ ನಾವು ಬೆಳಗಿನಿಂದಲೂ ಒಂದು ಗಂಟೆ ತೆಗೆಯುತ್ತಿದ್ದೇವೆ.

ಇನ್ನು ನಮ್ಮ ಕೇರಳ-ಕರ್ನಾಟಕ ಗಡಿಯ ವಿಷಯಕ್ಕೆ ಬರುತ್ತೇನೆ. ತಿರುವನಂತಪುರದಲ್ಲಿ ಕೂತು ಮಾತಾಡುವವರಿಗೂ ಬೆಂಗಳೂರಿನಲ್ಲಿ ಕೂತು ಮಾತಾಡುವವರಿಗೂ ಇದು ಕಾಣುವುದಿಲ್ಲ. ಈ ಬದಿಯಲ್ಲಿ ಕೇರಳ ಸರ್ಕಾರದ ಮದ್ಯ ಮಾರುವ ಬೆವ್ಕೊ ಅಂಗಡಿ, ನಾವು ಬಿವರೇಜ್ ಅನ್ನುತ್ತೇವಲ್ಲ ಅದು, ಬೆಳಗ್ಗೆ 10ಕ್ಕೆ ತೆರೆದು ರಾತ್ರಿ 9ಕ್ಕೆ ಮುಚ್ಚುತ್ತದೆ. ಆಚೆ ಕರ್ನಾಟಕದ ಬದಿಯ ವೈನ್ ಶಾಪ್ ಹತ್ತೂವರೆವರೆಗೆ. ನಡುವೆ ಒಂದೂವರೆ ಗಂಟೆ. ಗಡಿಯ ಹತ್ತಿರ ಮನೆ ಇದ್ದವರಿಗೆ ಆ ಒಂದೂವರೆ ಗಂಟೆ ಗೊತ್ತು. ಒಂಬತ್ತಕ್ಕೆ ಶಟರ್ ಬಿತ್ತು ಅಂದರೆ ಬೈಕುಗಳು ಹೊರಡುತ್ತವೆ. ತಲಪಾಡಿ ಕಡೆಗೆ, ಅಡ್ಕಸ್ಥಳ ದಾಟಿ ಸಾರಡ್ಕದ ಕಡೆಗೆ, ಗಾಳಿಮುಖದ ಕಡೆಗೆ. ಹೋಗುವಾಗ ಅಮಲು ಸ್ವಲ್ಪ, ಬರುವಾಗ ಪೂರ್ತಿ. ಒಂದು ಬೈಕಿನಲ್ಲಿ ಮೂರು ಜನ, ತಲೆಗೆ ಹೆಲ್ಮೆಟ್ ಇಲ್ಲ. ತಲಪಾಡಿಯಿಂದ ಚೆಂಗಳದವರೆಗೆ ಹೆದ್ದಾರಿ ಆರು ಪಥ ಆದ ಮೇಲೆ ಗಾಡಿಗಳ ವೇಗ ನಿಮಗೇ ಗೊತ್ತು.

ಈ ವಿಷಯ ಕೇಳಿದ ಕೂಡಲೇ ಒಬ್ಬರು ನನಗೆ ಹೇಳಿದರು: "ಅಕ್ಕ, ಹಾಗಾದರೆ ಇಲ್ಲೂ ಹತ್ತೂವರೆ ಮಾಡಿದರೆ ಆಯಿತಲ್ಲ. ಯಾರೂ ಆಚೆ ಹೋಗುವುದಿಲ್ಲ." ಹೊತ್ತು ಜಾಸ್ತಿ ಮಾಡಬೇಕು ಅನ್ನುವವರ ಮಾತಿನಲ್ಲಿ ಅತಿ ಗಟ್ಟಿಯಾದದ್ದು ಇದೇ. ನಾನು ಇದನ್ನು ಎಷ್ಟೋ ದಿನ ಯೋಚನೆ ಮಾಡಿದೆ. ಆದರೆ ಆಚೆ ಹೋಗುವುದು ಬರೀ ಹೊತ್ತಿಗಾಗಿ ಅಲ್ಲ. ಕೇರಳದಲ್ಲಿ ತೆರಿಗೆ ಜಾಸ್ತಿ, ಅಲ್ಲಿನ ಪ್ಯಾಕೆಟ್ ಅಗ್ಗ. ಹಗಲಲ್ಲೇ ಜನ ಹೋಗುತ್ತಾರೆ. ಕರ್ನಾಟಕದ 180 ಎಂ.ಎಲ್. ಪ್ಯಾಕೆಟುಗಳನ್ನು ರೈಲಿನಲ್ಲಿ, ಕಾರಿನಲ್ಲಿ, ಮೀನಿನ ಬುಟ್ಟಿಯಡಿಯಲ್ಲಿ ತರುವುದನ್ನು ನಮ್ಮ ಅಬಕಾರಿಯವರು ಹಿಡಿಯುತ್ತಲೇ ಇರುತ್ತಾರೆ. ಅಂಗಡಿಯ ಹೊತ್ತು ಒಂದೇ ಆದರೂ ಬೆಲೆ ಒಂದೇ ಆಗುವುದಿಲ್ಲ. ಆಗ ಆಚೆಯದ್ದೂ ಇರುತ್ತದೆ, ಈಚೆಯ ಒಂದೂವರೆ ಗಂಟೆಯೂ ಸೇರುತ್ತದೆ. ಎರಡು ಬದಿಯಲ್ಲೂ ಒಂದೇ ಹೊತ್ತು ಇರಲಿ ಅನ್ನುವುದು ನನಗೆ ಒಪ್ಪಿಗೆಯೇ. ಆ ಹೊತ್ತು ಒಂಬತ್ತು ಆಗಲಿ. ಗಡಿಯ ತಾಲೂಕುಗಳಲ್ಲಾದರೂ ಆಚೆಯವರು ಬೇಗ ಮುಚ್ಚಲಿ ಅಂತ ಇಲ್ಲಿಂದ ಯಾರೂ ಯಾಕೆ ಕೇಳುವುದಿಲ್ಲ? ರಸ್ತೆ ಒಂದೇ, ಆಸ್ಪತ್ರೆ ಒಂದೇ. 2020ರ ಮಾರ್ಚ್‌ನಲ್ಲಿ ಗಡಿಯ ರಸ್ತೆಗಳಿಗೆ ಮಣ್ಣು ಸುರಿದು ಮುಚ್ಚಿದಾಗ, ಆಂಬುಲೆನ್ಸ್ ತಲಪಾಡಿಯಿಂದ ವಾಪಸ್ ಹೋದಾಗ, ಅದು ಎಷ್ಟು ನಿಜ ಅಂತ ನಮಗೆಲ್ಲ ಗೊತ್ತಾಗಿದೆ.

ಬೇರೆ ದೇಶಗಳಲ್ಲಿ ಇದನ್ನು ಅಳೆದು ನೋಡಿದ್ದಾರೆ. ನಾರ್ವೆಯಲ್ಲಿ 18 ಪಟ್ಟಣಗಳು ಬಾರ್ ಮುಚ್ಚುವ ಹೊತ್ತನ್ನು ಹಿಂದೆ ಮುಂದೆ ಮಾಡಿದ್ದವು. ಹತ್ತು ವರ್ಷದ ಪೊಲೀಸ್ ಲೆಕ್ಕ ತೆಗೆದು ನೋಡಿದರೆ, ಒಂದು ಗಂಟೆ ಹೆಚ್ಚಾದ ಕಡೆ ರಾತ್ರಿಯ ಹೊಡೆದಾಟ ಸುಮಾರು ನೂರಕ್ಕೆ 16ರಷ್ಟು ಹೆಚ್ಚು. ಕಡಿಮೆ ಮಾಡಿದ ಕಡೆ ಅಷ್ಟೇ ಕಡಿಮೆ. ಆಸ್ಟ್ರೇಲಿಯಾದ ನ್ಯೂಕ್ಯಾಸಲ್‌ನಲ್ಲಿ 2008ರಲ್ಲಿ ಬೆಳಗಿನ ಜಾವ 5ಕ್ಕೆ ಮುಚ್ಚುತ್ತಿದ್ದ ಬಾರ್‌ಗಳನ್ನು ಮೂರು, ಮೂರೂವರೆಗೆ ಮುಚ್ಚಿಸಿದರು. ಹೊಡೆದಾಟ ಮೂರರಲ್ಲಿ ಒಂದು ಪಾಲು ಇಳಿಯಿತು.

ನನಗೆ ಇವೆರಡಕ್ಕಿಂತ ಜಾಸ್ತಿ ಹತ್ತಿರ ಅನ್ನಿಸಿದ್ದು ಬ್ರೆಜಿಲ್‌ನ ಡಿಯಾಡೆಮಾ. ಅದು ದೊಡ್ಡ ಸಾವೊಪಾಲೊ ನಗರಕ್ಕೆ ತಾಗಿದ ಊರು. ಕೂಲಿಯವರು, ಫ್ಯಾಕ್ಟರಿ ಕೆಲಸದವರು ಇರುವ ಕಡೆ. ಕೊಲೆಗೆ ಹೆಸರಾಗಿತ್ತು. ರಾತ್ರಿ ಹನ್ನೊಂದರ ನಂತರವೇ ಜಾಸ್ತಿ ಕೊಲೆ, ಅದೂ ಬಾರ್‌ಗಳ ಆಸುಪಾಸಿನಲ್ಲಿ ಅಂತ ಲೆಕ್ಕ ತೆಗೆದವರಿಗೆ ಗೊತ್ತಾಯಿತು. 2002ರಲ್ಲಿ ಹನ್ನೊಂದಕ್ಕೆ ಮುಚ್ಚಬೇಕು ಅಂತ ಕಾನೂನು ಮಾಡಿದರು. ತಿಂಗಳಿಗೆ ಸುಮಾರು 9 ಕೊಲೆ ಕಡಿಮೆ ಆಯಿತು ಅಂತ ಆಮೇಲೆ ಅಧ್ಯಯನ ಮಾಡಿದವರು ಕಂಡರು. ಯಾರಿಗೂ ಕುಡಿಯಬೇಡಿ ಅಂತ ಹೇಳಲಿಲ್ಲ. ಶಟರ್ ಎಳೆಯುವ ಹೊತ್ತನ್ನು ಮಾತ್ರ ಬದಲಿಸಿದರು. ಅದಕ್ಕೆ ಮೊದಲು ಯಾವ ಗಂಟೆಗೆ ಏನಾಗುತ್ತದೆ ಅಂತ ಕೂತು ಲೆಕ್ಕ ತೆಗೆದರು.

ಬೇಗ ಮುಚ್ಚಿದರೆ ಜನ ಗಡಿಬಿಡಿಯಲ್ಲಿ ಜಾಸ್ತಿ ಕುಡಿಯುತ್ತಾರೆ ಅನ್ನುವವರೂ ಇದ್ದಾರೆ. ಅದರಲ್ಲೂ ಸತ್ಯ ಇದೆ. ಆಸ್ಟ್ರೇಲಿಯಾ, ನ್ಯೂಜಿಲೆಂಡ್‌ನಲ್ಲಿ ಮೊದಲ ಮಹಾಯುದ್ಧದ ಕಾಲದಿಂದ ಸಂಜೆ 6ಕ್ಕೇ ಬಾರ್ ಮುಚ್ಚುತ್ತಿದ್ದರು. ಕೆಲಸ ಬಿಡುವುದು ಐದಕ್ಕೆ. ಉಳಿದ ಒಂದು ಗಂಟೆಯಲ್ಲಿ ಆದಷ್ಟು ಸುರಿದುಕೊಂಡು ಮನೆಗೆ ಹೋಗುತ್ತಿದ್ದರು. ನ್ಯೂಜಿಲೆಂಡ್‌ನಲ್ಲಿ ಅದು 1967ರವರೆಗೆ ಹಾಗೇ ಇತ್ತು. ಹಾಗಾಗಿ ಆರಕ್ಕೆ ಮುಚ್ಚಿ ಅಂತ ನಾನು ಹೇಳುವುದಿಲ್ಲ. ಕೆಲಸ ಬಿಟ್ಟ ಮೇಲೆ ಒಂಬತ್ತರವರೆಗೆ ಸಾಕಷ್ಟು ಹೊತ್ತಿದೆ.

ಪೂರ್ತಿ ನಿಲ್ಲಿಸಿ ಅಂತಲೂ ನಾನು ಹೇಳುವವಳಲ್ಲ. ನಮ್ಮ ಊರಿಗೆ ಕುಡಿತ ಹೊರಗಿನಿಂದ ಬಂದದ್ದಲ್ಲ. ಗಡಂಗು, ಅಂದರೆ ಕಳ್ಳು ಸಾರಾಯಿಯ ಅಂಗಡಿ, ನೋಡದೆ ಬೆಳೆದವರು ಈ ಸಭೆಯಲ್ಲಿ ಕಡಿಮೆ. ಮುತ್ತಪ್ಪ ದೈವದ ಮುಂದೆ ಕಳ್ಳು ಇಡುತ್ತಾರೆ, ನಮ್ಮ ಕೆಲವು ಭೂತಗಳಿಗೂ ಕಲಿ, ಅಂದರೆ ಕಳ್ಳು, ಬೇಕು. ನಿಷೇಧದ ದಾರಿಯಲ್ಲಿ ಕೇರಳ ಒಮ್ಮೆ ಹೋಗಿ ಬಂದಿದೆ. 1996ರಲ್ಲಿ ಸಾರಾಯಿ ನಿಂತಿತು. 2014ರಲ್ಲಿ ಪಂಚತಾರಾ ಹೋಟೆಲ್ ಬಿಟ್ಟು ಉಳಿದ ಬಾರ್‌ಗಳನ್ನು ಮುಚ್ಚುವ ತೀರ್ಮಾನ ಆಯಿತು. ಬಿವರೇಜಿನ ಕ್ಯೂ ಉದ್ದ ಆಯಿತು, ನಮ್ಮವರು ಗಡಿ ದಾಟಿದರು. 2017ರಲ್ಲಿ ಬಾರ್‌ಗಳು ಮತ್ತೆ ತೆರೆದವು. ಆ ವರ್ಷಗಳಲ್ಲಿ ಗಡಿಯಾಚೆಯ ನಮ್ಮ ಕ್ಯಾಶುವಾಲಿಟಿಗೆ ಬರುವವರು ಕಡಿಮೆ ಆಗಲಿಲ್ಲ.

2020ರ ಲಾಕ್‌ಡೌನಿನಲ್ಲಿ ಎಲ್ಲ ಅಂಗಡಿ ಒಮ್ಮೆಲೇ ಮುಚ್ಚಿದಾಗ ನಡೆದದ್ದು ಇನ್ನೂ ಕಷ್ಟದ್ದು. ದಿನಾ ಕುಡಿಯುವವನಿಗೆ ಥಟ್ಟನೆ ನಿಂತರೆ ಕೈ ನಡುಗುತ್ತದೆ, ಎರಡು ಮೂರು ದಿನದಲ್ಲಿ ಇಲ್ಲದ್ದು ಕಾಣುತ್ತದೆ, ಫಿಟ್ಸ್ ಬರುತ್ತದೆ, ಜೀವವೂ ಹೋಗಬಹುದು. ಕೆಲವರು ಆತ್ಮಹತ್ಯೆ ಮಾಡಿಕೊಂಡರು. ಡಾಕ್ಟರ್ ಚೀಟಿ ಇದ್ದರೆ ಮದ್ಯ ಕೊಡಬಹುದು ಅಂತ ಕೇರಳ ಸರ್ಕಾರ ಆದೇಶ ಮಾಡಿತು, ಏಪ್ರಿಲ್‌ನಲ್ಲಿ ಹೈಕೋರ್ಟ್ ಅದಕ್ಕೆ ತಡೆ ಕೊಟ್ಟಿತು. ನಿಮ್ಮ ಮನೆಯಲ್ಲಿ ಯಾರಾದರೂ ದಿನಾ ಕುಡಿಯುವವರು ಬಿಡಬೇಕು ಅಂದುಕೊಂಡರೆ ಸುಮ್ನೆ ಕೋಣೆಯಲ್ಲಿ ಕೂಡಿಹಾಕಬೇಡಿ. ವಿಮುಕ್ತಿ ಕೇಂದ್ರ ಜಿಲ್ಲೆಗೊಂದು ಇದೆ. ಅಲ್ಲಿ ಔಷಧಿ ಕೊಟ್ಟು ಬಿಡಿಸುತ್ತಾರೆ.

ರಾತ್ರಿ ಬದುಕು ಬೇಕು, ಒಂಬತ್ತಕ್ಕೆ ಊರು ಮಲಗಬಾರದು ಅನ್ನುವ ಮಾತು ಇನ್ನೊಂದು. ಇದು ಹೊಸದು ಅನ್ನುವ ಹಾಗೆ ಹೇಳುತ್ತಾರೆ. ಯಕ್ಷಗಾನದ ಕವಿ ಪಾರ್ತಿಸುಬ್ಬ ಹುಟ್ಟಿದ ಕುಂಬಳೆ ಇಲ್ಲೇ ಇದೆ. ನಾವು ಸಣ್ಣವರಿದ್ದಾಗ ಯಕ್ಷಗಾನದ ಆಟ ಅಂದರೆ ರಾತ್ರಿ ಒಂಬತ್ತರಿಂದ ಬೆಳಗಿನವರೆಗೆ. ಚಾಪೆ ತೆಗೆದುಕೊಂಡು ಅಮ್ಮನ ಹಿಂದೆ ಗದ್ದೆಯ ಹುಣಿಯಲ್ಲಿ ಹೋಗುತ್ತಿದ್ದೆವು. ಗ್ಯಾಸ್‌ಲೈಟಿನ ಕೆಳಗೆ ಚರುಂಬುರಿ, ಕಡ್ಲೆ, ಬಿಸಿ ಚಹಾ. ಮೂರು ಗಂಟೆಗೆ ನಿದ್ದೆ ಬಂದರೆ ಅಲ್ಲೇ ಮಲಗಿ ಮಹಿಷಾಸುರ ಬರುವಾಗ ಬೊಬ್ಬೆಗೆ ಏಳುವುದು. ಬದಿಯಲ್ಲಿ ಕುಡಿದವರೂ ಇರುತ್ತಿದ್ದರು, ಇರಲಿಲ್ಲ ಅಂತ ಸುಳ್ಳು ಹೇಳುವುದಿಲ್ಲ. ಆದರೆ ಆ ರಾತ್ರಿ ಹೆಂಗಸರದ್ದೂ ಆಗಿತ್ತು, ಮಕ್ಕಳದ್ದೂ ಆಗಿತ್ತು. ಈಗ ನನ್ನ ಸೊಸೆ ಎಂಟೂವರೆಗೆ ಬಸ್ಸಿಳಿದರೆ ಮಗ ಬೈಕ್ ತೆಗೆದುಕೊಂಡು ಎದುರು ಹೋಗುತ್ತಾನೆ. ಅಂಗಡಿಯ ಕ್ಯೂ ದಾಟಿಯೇ ಬರಬೇಕಲ್ಲ, ಅದಕ್ಕೆ. ರಾತ್ರಿ ಬದುಕು ಬೇಕು ಅಂದರೆ ಬಸ್ಸು ಬಿಡಿ, ಬೀದಿದೀಪ ಹಾಕಿ, ಗ್ರಂಥಾಲಯ ತೆರೆದಿಡಿ. ನಾನೂ ಬರುತ್ತೇನೆ.

ಹಣದ ವಿಷಯ ಬೇಗ ಮುಗಿಸುತ್ತೇನೆ. 2023-24ರಲ್ಲಿ ಬೆವ್ಕೊದ ಮಾರಾಟ ಸುಮಾರು 19,000 ಕೋಟಿ ರೂಪಾಯಿ, ಬಹುಪಾಲು ತೆರಿಗೆಯಾಗಿ ಸರ್ಕಾರಕ್ಕೆ. ಅದೇ ವರ್ಷ ಕರ್ನಾಟಕಕ್ಕೆ ಅಬಕಾರಿಯಿಂದ ಬಂದದ್ದು 34,000 ಕೋಟಿಗಿಂತ ಹೆಚ್ಚು. ಕುಡಿಯುವ ಮದ್ಯ ಜಿಎಸ್‌ಟಿಯ ಹೊರಗಿದೆ. ಹಾಗಾಗಿ ರಾಜ್ಯಗಳ ಕೈಯಲ್ಲಿ ಉಳಿದ ದೊಡ್ಡ ಆದಾಯಗಳಲ್ಲಿ ಇದೂ ಒಂದು. ಸರ್ಕಾರಕ್ಕೆ ಇದು ಬೇಡ ಅನ್ನುವುದು ಸುಲಭ ಅಲ್ಲ, ಒಪ್ಪುತ್ತೇನೆ. ಆದರೆ ಆ ಲೆಕ್ಕದಲ್ಲಿ ಸ್ಕ್ಯಾನಿನ ಬಿಲ್ಲು ಇಲ್ಲ. ಅಡಿಕೆ ಮರ ಹತ್ತುವವನ ಹೆಂಡತಿ ಆ ಬಿಲ್ಲು ಕಟ್ಟಲು ಕಿವಿಯ ಬೆಂಡೋಲೆ ತೆಗೆದದ್ದೂ ಇಲ್ಲ.

ನಾನು ಕೇಳುವುದು ದೊಡ್ಡದೇನಲ್ಲ. ಎಲ್ಲ ಕ್ಯಾಶುವಾಲಿಟಿಯಲ್ಲೂ ಒಂದು ರಿಜಿಸ್ಟರ್ ಇರುತ್ತದೆ. ಹೆಸರು, ಪ್ರಾಯ, ಊರು, ಪೆಟ್ಟಿನ ವಿವರ, ಬಂದ ಸಮಯ. ಆ ಸಮಯದ ಕಾಲಮ್ಮನ್ನು 14 ವರ್ಷ ನನ್ನ ಕೈಯಿಂದಲೇ ತುಂಬಿದ್ದೇನೆ. ಅದನ್ನು ಕೂಡಿಸಿ ನೋಡಲು ಯಾರೂ ಬಂದದ್ದು ನನಗೆ ನೆನಪಿಲ್ಲ. ಅಂಗಡಿಯ ಹೊತ್ತು ಬದಲಿಸುವ ಮೊದಲು ಕಾಸರಗೋಡಿನ, ಮಂಗಳೂರಿನ ಆಸ್ಪತ್ರೆಗಳ ಆ ಒಂದು ಕಾಲಮ್ಮನ್ನು, ಪೊಲೀಸ್ ಠಾಣೆಗಳ ಸಮಯವನ್ನು, ಹೆಸರು ಬಿಟ್ಟು, ಕೂಡಿಸಿ ನಮ್ಮ ಗ್ರಾಮಸಭೆಯ ಮುಂದೆ ಇಡಲಿ. ಬರುವ ಗ್ರಾಮಸಭೆಗೆ ಹೀಗೊಂದು ಮನವಿ ಬರೆದಿದ್ದೇನೆ, ಕನ್ನಡದಲ್ಲೂ ಮಲಯಾಳದಲ್ಲೂ. ಬಾಗಿಲ ಹತ್ತಿರದ ಮೇಜಿನಲ್ಲಿದೆ. ಓದಿ, ಸರಿ ಅನ್ನಿಸಿದರೆ ಸಹಿ ಹಾಕಿ.

*

ಮಾತು ಮುಗಿದ ಮೇಲೆ ಹಿಂದಿನ ಬೆಂಚಿನಿಂದ ಒಬ್ಬ ಹುಡುಗ ಎದ್ದ. ಇಪ್ಪತ್ತಮೂರು, ಇಪ್ಪತ್ತನಾಲ್ಕು ಇರಬಹುದು. ಮಂಗಳೂರಿನ ಒಂದು ಬಾರ್‌ನಲ್ಲಿ ಸಪ್ಲಯರ್ ಕೆಲಸವಂತೆ. ವಾರದ ರಜೆ ಅಂತ ಮನೆಗೆ ಬಂದಿದ್ದ. ನನಗೆ ವಿರುದ್ಧ ಮಾತಾಡುತ್ತಾನೆ ಅಂದುಕೊಂಡೆ.

"ಅಕ್ಕ, ನಾನು ಒಂದು ವಿಷಯ ಹೇಳ್ಲಾ?" ಅಂದ. "ಕೊನೆ ಗಂಟೆಯಲ್ಲಿ ಹೊಸ ಗಿರಾಕಿ ಯಾರೂ ಬರುವುದಿಲ್ಲ. ಎಂಟಕ್ಕೆ ಕೂತವರೇ ಹನ್ನೊಂದಕ್ಕೂ ಕೂತಿರ್ತಾರೆ. ಹೊತ್ತು ಜಾಸ್ತಿ ಆದ್ರೆ ಅವರಿಗೇ ಇನ್ನೆರಡು ಪೆಗ್ ಜಾಸ್ತಿ ಆಗ್ತದೆ, ಅಷ್ಟೇ. ಟಿಪ್ಸ್ ಸಿಗ್ತದೆ, ಇಲ್ಲ ಅಂತ ಹೇಳುದಿಲ್ಲ. ಗ್ಲಾಸು ಒಡೆದ್ರೆ ನಮ್ಮ ಸಂಬಳದಿಂದ ಹೋಗ್ತದೆ."

ನೀನು ಮಲಗುವುದು ಎಲ್ಲಿ ಅಂತ ಕೇಳಿದೆ. ಬಾರ್‌ನ ಮೇಲೆ ಒಂದು ರೂಮ್, ಆರು ಜನ. ಈಗ ಹನ್ನೊಂದೂವರೆಗೆ ಮುಚ್ಚಿ, ಟೇಬಲ್ ಒರೆಸಿ, ಲೆಕ್ಕ ಕೊಟ್ಟು ಮಲಗುವಾಗ ಒಂದು ಗಂಟೆ. ಊರಿಗೆ ಬಸ್ಸು ಇಲ್ಲ, ಹಾಗಾಗಿ ವಾರಕ್ಕೊಮ್ಮೆ ಮಾತ್ರ ಮನೆ.

"ಒಂದು ಗಂಟೆವರೆಗೆ ಓಪನ್ ಇಟ್ರೆ ನಮ್ಮನ್ನು ಬಿಡುವಾಗ ಎರಡೂವರೆ ಆಗ್ತದೆ. ಮರುದಿನ ಹತ್ತಕ್ಕೆ ಪುನಃ ಶಟರ್ ತೆಗೀಬೇಕು. ನಮ್ಮನ್ನು ಯಾರೂ ಕೇಳುದಿಲ್ಲ ಅಕ್ಕ. ನಿಮ್ಮ ಕಾಗದದಲ್ಲಿ ನಮ್ಮದೂ ಒಂದು ಸಾಲು ಹಾಕ್ಬಹುದಾ?"

14 ವರ್ಷ ನಾನು ನೋಡಿದ್ದು ಬಾಗಿಲು ದಾಟಿ ಒಳಗೆ ಬಂದವರನ್ನು. ಆ ಹೊತ್ತಿನಲ್ಲಿ ಅವರಿಗೆ ಗ್ಲಾಸು ತುಂಬಿಸಿ ನಿಂತ ಹುಡುಗರ ಬಗ್ಗೆ ನಾನೂ ಯೋಚನೆ ಮಾಡಿರಲಿಲ್ಲ. ಮನವಿಯ ಕೊನೆಯಲ್ಲಿ ಪೆನ್ನಿನಿಂದಲೇ ಒಂದು ಸಾಲು ಸೇರಿಸಿದೆ: ಬಾರ್, ಅಂಗಡಿಗಳಲ್ಲಿ ಕೆಲಸ ಮಾಡುವವರ ಅಭಿಪ್ರಾಯವನ್ನೂ ಕೇಳಬೇಕು. ಮಲಯಾಳದ ಪ್ರತಿಯಲ್ಲಿ ಅದನ್ನು ಬರೆದದ್ದು ಗ್ರಂಥಾಲಯದ ಕಾರ್ಯದರ್ಶಿ. ಹುಡುಗ ಎರಡಕ್ಕೂ ಸಹಿ ಹಾಕಿ, ಏಳು ಗಂಟೆಯ ಬಸ್ಸಿಗೆ ಓಡಿದ.